ಕಾಡುಬೆಕ್ಕಿನ ಪರವಾಗಿ ಎರಡು ಮಾತು

ವಾರ್ಷಿಕ ಸಂಚಿಕೆಗೆ ಲೇಖನ ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಕಾಡುಬೆಕ್ಕಿನ ವಿಷಯವಾಗಿ ಬರೆಯುತ್ತೇನೆಂದೆ. ಅವರು ನಕ್ಕುಬಿಟ್ಟರು. ದೇಶದಲ್ಲಿ ಬರೆಯತಕ್ಕ ವಿಷಯಗಳಿಗೆ ಬರಗಾಲ ಬಂದಿತೇ ಎಂದು ಕೇಳಿದರು. ಬಂದಿಲ್ಲ, ನಾನು ಬಲ್ಲೆ. ನಾನು ಪ್ರಾಣಿಶಾಸ್ತ್ರ ಓದಿದವನೂ ಅಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಿಕೊಂಡು, ರಜೆ ಬಂದರೆ ದಬ್ಬೇಘಟ್ಟದ ಕಡೆಯ ನಮ್ಮ ತೆಂಗಿನ ತೋಟದಲ್ಲಿ ನೀರು ಕಟ್ಟುವವನು. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ಬರುವ ನಮ್ಮಂಥವರಲ್ಲಿ ಬಹುಮಂದಿಯ ತೋಟದಲ್ಲಿಯೇ ವಾಸವಾಗಿದ್ದು, ನಮ್ಮ ಕೈಯಿಂದಲೇ ಸಾಯುತ್ತಿರುವ ಒಂದು ಪ್ರಾಣಿಯ ಮಾತನ್ನು ನಾವಲ್ಲದೆ ಇನ್ನಾರು ಆಡಬೇಕು?

ಈ ಯೋಚನೆಯನ್ನು ಹುಟ್ಟಿಸಿದ್ದು ಒಂದು ಪರದೇಶದ ಬೆಕ್ಕು. ಅಮೆರಿಕದ ಬಾಬ್‌ಕ್ಯಾಟ್ ಎಂಬ ಪ್ರಾಣಿಯ ಚಿತ್ರವನ್ನು ಒಮ್ಮೆ ನೋಡಿದೆ. ನಮ್ಮ ಸಾಕುಬೆಕ್ಕಿನ ಎರಡರಷ್ಟು ದೊಡ್ಡದು, ಉದ್ದವಾದ ಕಾಲು, ಮೊಂಡು ಬಾಲ, ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಚಿಕ್ಕ ಕುಚ್ಚು. ಬಾಲವೊಂದನ್ನು ಬಿಟ್ಟರೆ ಇದು ನಮ್ಮ ಕೆರೆಯಂಗಳದ ಬೆಕ್ಕೇ ಸರಿ ಎಂದುಕೊಂಡೆ. ಆಮೇಲೆ ಓದಿದಾಗ ತಿಳಿದದ್ದು, ಹಿಂದಿನ ಕಾಲದ ಆಂಗ್ಲ ಬೇಟೆಗಾರರೂ ಇದೇ ತಪ್ಪನ್ನು ಮಾಡಿ, ನಮ್ಮ ಕಾಡುಬೆಕ್ಕನ್ನು ಲಿಂಕ್ಸ್ ಎಂಬ ಬಾಬ್‌ಕ್ಯಾಟಿನ ಜಾತಿಗೆ ಸೇರಿಸಿ ಕರೆಯುತ್ತಿದ್ದರಂತೆ. ಅದು ಸರಿಯಲ್ಲ. ನಮ್ಮ ಕಾಡುಬೆಕ್ಕು ಅಡಿಗೆಮನೆಯ ಬೆಕ್ಕಿಗೆ ಸೋದರಸಂಬಂಧಿ. ಶಾಸ್ತ್ರಜ್ಞರು ಎರಡನ್ನೂ ಫೆಲಿಸ್ ಎಂಬ ಒಂದೇ ಕುಲದಲ್ಲಿಟ್ಟಿದ್ದಾರೆ. ಆದರೆ ಬದುಕುವ ರೀತಿಯಲ್ಲಿ ಬಾಬ್‌ಕ್ಯಾಟಿಗೂ ಇದಕ್ಕೂ ಬಹಳ ಹೋಲಿಕೆಯುಂಟು. ಎರಡೂ ದಟ್ಟ ಕಾಡನ್ನೇ ನೆಚ್ಚಿಕೊಂಡವಲ್ಲ. ಪೊದೆ, ಜೌಗು, ಹೊಲದ ಅಂಚು, ಊರಿನ ಮಗ್ಗುಲು, ಎಲ್ಲಿ ಇಲಿ ಮೊಲಗಳಿವೆಯೋ ಅಲ್ಲಿ ಬದುಕಿಕೊಳ್ಳುವ ಜಾಣರು.

ಕಾಡುಬೆಕ್ಕನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ, ನೋಡಿದವರು ಕಡಿಮೆ. ಬೆಳಗಿನ ಜಾವ ಬದುವಿನ ಮೇಲೆ ಬೂದುಗೆಂಪು ಬಣ್ಣದ್ದೊಂದು ಓಡಿದರೆ ನರಿಯೆಂದೋ, ಯಾರದೋ ಮನೆಯ ಬೆಕ್ಕೆಂದೋ ಸುಮ್ಮನಾಗುತ್ತೇವೆ. ಗುರುತು ಕಷ್ಟವೇನಲ್ಲ. ಮೈಯಲ್ಲಿ ಚುಕ್ಕೆಯಿಲ್ಲ, ಕಾಲುಗಳ ಮೇಲೆ ಮಸುಕಾದ ಪಟ್ಟೆ, ಬಾಲದ ಕೊನೆಗೆ ಕಪ್ಪು ಬಳೆಗಳು. ಬಾಲ ಮೈಯುದ್ದಕ್ಕೆ ಮೂರನೆಯ ಒಂದು ಪಾಲಿನಷ್ಟಿದ್ದು, ಹಿಮ್ಮಡಿಯವರೆಗೆ ಬಂದು ನಿಲ್ಲುತ್ತದೆ. ಪುನುಗಿನ ಬೆಕ್ಕು, ಮರಬೆಕ್ಕು ಎನ್ನುತ್ತೇವಲ್ಲ, ಅವು ಬೆಕ್ಕುಗಳೇ ಅಲ್ಲ, ಬೇರೆ ವಂಶದವು. ಕಾಡುಬೆಕ್ಕಿಗೆ ಹೆಸರಿನಲ್ಲಿ ಕಾಡಿದೆಯೇ ಹೊರತು, ಅದಕ್ಕೆ ನಿಜವಾಗಿ ಪ್ರಿಯವಾದದ್ದು ನೀರಿನ ಸಮೀಪದ ಜೊಂಡು ಮತ್ತು ಎತ್ತರವಾದ ಹುಲ್ಲು. ಈಜಿಪ್ಟಿನ ನೈಲ್ ನದಿಯ ಬಯಲಿನಿಂದ ವಿಯೆಟ್ನಾಮಿನವರೆಗೆ ಇದು ಹರಡಿದೆ. ಪ್ರಾಚೀನ ಈಜಿಪ್ಟಿನವರು ಇದರ ಹೆಣಕ್ಕೆ ಲೇಪ ಹಾಕಿ ಸಮಾಧಿಯಲ್ಲಿ ಇಡುತ್ತಿದ್ದರು. ಅಲ್ಲಿ ಅಷ್ಟು ಮರ್ಯಾದೆ. ನಮ್ಮಲ್ಲಿ ಸಿಗುವುದು ಕೋಲು.

ಇದರ ಹೊಟ್ಟೆಪಾಡಿನ ಸಂಗತಿಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ರಾಜಸ್ಥಾನದ ಸರಿಸ್ಕಾದಲ್ಲಿ ನಮ್ಮ ದೇಶದ ವಿಜ್ಞಾನಿಗಳು ಕಾಡುಬೆಕ್ಕಿನ ಹಿಕ್ಕೆಗಳನ್ನು ಸಂಗ್ರಹಿಸಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದರ ಆಹಾರದಲ್ಲಿ ಇಲಿಗಳದೇ ಮುಖ್ಯ ಪಾಲು. ಒಂದು ಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿಗಳನ್ನು ಹಿಡಿಯುತ್ತದೆ. ಕಡಿಮೆ ಲೆಕ್ಕ ಹಿಡಿದರೂ ವರ್ಷಕ್ಕೆ ಸಾವಿರಕ್ಕೆ ಮೀರಿತು. ಸಂಬಳವಿಲ್ಲ, ಸಾರಿಗೆಯಿಲ್ಲ, ಇಲಾಖೆಯ ಸಹಾಯಧನಕ್ಕೆ ಅರ್ಜಿಯಿಲ್ಲ. ಇಂಥ ನೌಕರನನ್ನು ಕೊಂದುಕೊಳ್ಳುವ ರೈತನನ್ನು ಏನೆಂದು ಕರೆಯೋಣ? ಹಾಗೆ ಕರೆಯುವ ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ.

ಈಗ್ಗೆ ಮೂರು ವರ್ಷದ ಕೆಳಗೆ, ಬೇಸಗೆ ರಜದಲ್ಲಿ, ಕೆರೆಯ ಹಿಂದಿನ ತೋಟದಲ್ಲಿ ಒಟ್ಟಿದ್ದ ಸೋಗೆಯ ರಾಶಿಯನ್ನು ಎಳೆಯುತ್ತಿದ್ದಾಗ ಅಡಿಯಲ್ಲಿ ಮೂರು ಮರಿಗಳು ಸಿಕ್ಕಿದವು. ಮೈತುಂಬ ಕಪ್ಪು ಪಟ್ಟೆ, ಚುಕ್ಕೆ. ಕಣ್ಣು ಆಗತಾನೆ ಬಿಟ್ಟಿದ್ದವು. ನನ್ನ ಜೊತೆಯಲ್ಲಿದ್ದ ಹುಡುಗನೊಬ್ಬ 'ಚಿರತೆ ಮರಿ ಕಣ್ರೋ!' ಎಂದು ಕೂಗಿದ. ನಮ್ಮ ಜಿಲ್ಲೆಯಲ್ಲಿ ಆ ಕೂಗಿಗೆ ಎಷ್ಟು ಬಲವಿದೆಯೆಂಬುದನ್ನು ಬೇರೆ ಕಡೆಯವರಿಗೆ ಹೇಳಬೇಕಾದೀತು. 2019ರ ಕೊನೆಯಲ್ಲಿಯೂ 2020ರ ಮೊದಲಲ್ಲಿಯೂ ತುಮಕೂರು ಜಿಲ್ಲೆಯಲ್ಲಿ ಚಿರತೆಯ ಬಾಯಿಗೆ ಸಿಕ್ಕಿ ಮಕ್ಕಳೂ ದೊಡ್ಡವರೂ ಸತ್ತಿದ್ದರು. ಆ ಭಯ ಸುಳ್ಳಲ್ಲ. ಅರ್ಧ ಗಂಟೆಯಲ್ಲಿ ಫೋನಿನಿಂದ ಫೋನಿಗೆ ಚಿತ್ರ ಹಾರಿ, ನಲವತ್ತು ಜನ ದೊಣ್ಣೆ ಹಿಡಿದು ಕೂಡಿದರು. ಲಂಟಾನದ ಪೊದೆಯನ್ನೆಲ್ಲ ಬಡಿದರು; ಜೊಂಡಿಗೆ ಬೆಂಕಿ ಹಾಕಬೇಕೆಂದವರೂ ಇದ್ದರು. ನಾನು ಮರಿಗಳನ್ನು ಮಂಕರಿಯಲ್ಲಿಟ್ಟುಕೊಂಡು ಮನೆಗೆ ತಂದೆ. ವೀರನಂತೆ ತಂದೆ ಎಂದೇ ಹೇಳಬೇಕು.

ಅಜ್ಜಿ ಮಂಕರಿಯೊಳಗೆ ಒಮ್ಮೆ ಇಣುಕಿ ನೋಡಿ, 'ಯಾಕ್ಲಾ ತಂದೆ? ಕಾಡುಬೆಕ್ಕಿನ ಮರಿ ಕಣ್ಲಾ ಇವು. ಅವ್ವ ಹುಡುಕ್ಕಂಡ್ ಬತ್ತೈತೆ. ಎಲ್ಲಿತ್ತೋ ಅಲ್ಲೇ ಮಡಗಿ ಬಾ ಹೋಗು' ಎಂದಳು. ಓದು ಬರಹ ಬಾರದ ಮುದುಕಿಯ ಮಾತನ್ನು ಪಿ.ಯು. ವಿದ್ಯಾರ್ಥಿಯಾದ ನಾನು ಕೇಳಲಿಲ್ಲ. ಹಸುವಿನ ಹಾಲನ್ನು ಬತ್ತಿಯಲ್ಲಿ ನೆನೆಸಿ ಕುಡಿಸಿದೆವು. ಸಂಜೆ ಅರಣ್ಯ ಇಲಾಖೆಯ ನೌಕರರೊಬ್ಬರು ಬಂದು ಅಜ್ಜಿ ಹೇಳಿದ್ದನ್ನೇ ಹೇಳಿದರು: ಇದು ಚಿರತೆಯಲ್ಲ, ಕಾಡುಬೆಕ್ಕಿನ ಮರಿಗಳಿಗೆ ಮೊದಲು ಪಟ್ಟೆ ಇರುತ್ತದೆ, ಬೆಳೆದಂತೆ ಮಾಸುತ್ತದೆ, ಕತ್ತಲಾಗುವ ಮುಂಚೆ ಸಿಕ್ಕಿದ ಜಾಗದಲ್ಲಿಯೇ ಇಟ್ಟು ದೂರ ಬನ್ನಿ. ಅಷ್ಟರಲ್ಲಿ ಒಂದು ಮರಿ ಸತ್ತಿತ್ತು. ಉಳಿದೆರಡನ್ನು ಇಟ್ಟು ಬಂದೆವು. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಇರಲಿಲ್ಲ, ಇನ್ನೊಂದು ತಣ್ಣಗೆ ಬಿದ್ದಿತ್ತು. ತಾಯಿ ಒಂದನ್ನಾದರೂ ಕಚ್ಚಿಕೊಂಡು ಹೋಯಿತೆಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ನಾಯಿ ಎಳೆದುಕೊಂಡು ಹೋಗಿದ್ದರೂ ಹೋಗಿರಬಹುದು.

ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿಯೂ ಹೀಗೆಯೇ ಆಗುತ್ತದೆಂದು ಆಮೇಲೆ ಓದಿದೆ. ಕಬ್ಬು ಕಡಿಯುವವರಿಗೆ ಸಣ್ಣ ಬೆಕ್ಕುಗಳ ಮರಿ ಸಿಕ್ಕಿ, ಚಿರತೆಯದೆಂದು ಗುಲ್ಲಾಗುತ್ತದೆ. ಅಲ್ಲಿ ತಿಳಿದವರು ಮರಿಗಳನ್ನು ಅದೇ ದಿನ ಅದೇ ಗದ್ದೆಯಲ್ಲಿ ಪೆಟ್ಟಿಗೆಯೊಳಗಿಟ್ಟು, ಮರೆಯಲ್ಲಿ ಕಾದು, ತಾಯಿ ಬಂದು ಒಯ್ಯುವಂತೆ ಮಾಡುತ್ತಾರೆ. ಹಾಗೆ ಎಷ್ಟೋ ಮರಿಗಳು ತಾಯಿಯನ್ನು ಸೇರಿವೆ. ಮರಿಯನ್ನು ಮನೆಗೆ ತರುವ ಕರುಣೆಯೇ ಅದಕ್ಕೆ ದೊಡ್ಡ ಶತ್ರು. ಈ ಮಾತನ್ನು ನಾನು ಬೇರೆಯವರಿಗೆ ಉಪದೇಶವಾಗಿ ಹೇಳುತ್ತಿಲ್ಲ.

ಇನ್ನು ವಿಷದ ಸಂಗತಿ. ಮರಿಗಳ ಕಥೆಯನ್ನು ಕೇಳಿ ಅಯ್ಯೋ ಎನ್ನುವವರು ಇದಕ್ಕೆ ಅಯ್ಯೋ ಎನ್ನುವುದಿಲ್ಲ. ಯಾತಕ್ಕೆಂದರೆ ಇದು ಯಾರ ಕಣ್ಣಿಗೂ ಬೀಳದೆ ನಡೆಯುವಂಥದು.

ತೆಂಗಿಗೆ ಇಲಿಯ ಕಾಟವೆಂದರೇನೆಂಬುದು ತೋಟವಿದ್ದವರಿಗೆ ಗೊತ್ತು. ಇಲಿ ಮರದ ಸುಳಿಯಲ್ಲಿಯೇ ಸಂಸಾರ ಹೂಡಿ, ಎಳೆಯ ಕಾಯಿಗಳನ್ನು ತೊಟ್ಟಿನ ಹತ್ತಿರ ಕೊರೆದು ನೀರು ಕುಡಿಯುತ್ತದೆ. ತೂತಾದ ಕಾಯಿ ಬುಡಕ್ಕೆ ಉದುರುತ್ತದೆ. ಬೆಳಿಗ್ಗೆ ತೋಟಕ್ಕೆ ಹೋದರೆ ಒಂದೊಂದು ಮರದ ಕೆಳಗೆ ಐದಾರು. ಮೊದಲೇ 1998ರಿಂದ ಈಚೆಗೆ ಬಂದ ನುಸಿಪೀಡೆ, ಇತ್ತ ಮಳೆಯ ಅಭಾವ, ಅತ್ತ ತಿಪಟೂರು ಮಾರುಕಟ್ಟೆಯಲ್ಲಿ ಏರಿಳಿಯುವ ಕೊಬ್ಬರಿಯ ಧಾರಣೆ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿ ಒಣಗಿ ಉಂಡೆ ಕೊಬ್ಬರಿಯಾಗುವವರೆಗೆ ಕಾದು ಕುಳಿತ ರೈತನಿಗೆ ಒಂದೊಂದು ಕಾಯಿಯೂ ಲೆಕ್ಕ. ಆದ್ದರಿಂದ ನಮ್ಮ ಚಿಕ್ಕಪ್ಪ ಇಲಿಪಾಷಾಣದ ಬಿಲ್ಲೆಗಳನ್ನು ತಂದು ಮರದ ಸುಳಿಯಲ್ಲಿ ಕಟ್ಟಿಸಿದರೆ ಅವರನ್ನು ಕಟುಕರೆಂದು ಕರೆಯಲಾರೆ. ಅದು ಶಾಸ್ತ್ರಸಮ್ಮತವಾದ ಉಪಾಯವೂ ಹೌದು: ಬ್ರೋಮಡಿಯೊಲೋನ್ ಎಂಬ ಔಷಧಿಯ 10 ಗ್ರಾಂ ಬಿಲ್ಲೆಗಳನ್ನು ಐದು ಮರಕ್ಕೊಂದರಂತೆ, 12 ದಿನಗಳ ಅಂತರದಲ್ಲಿ ಎರಡು ಸಲ ಇಡಬೇಕೆಂದು ಕೃಷಿ ತಜ್ಞರೇ ಹೇಳುತ್ತಾರೆ.

ಆದರೆ ಈ ವಿಷ ಕೆಲಸಮಾಡುವ ರೀತಿಯನ್ನು ಅಂಗಡಿಯವನು ಹೇಳುವುದಿಲ್ಲ. ಇದನ್ನು ತಿಂದ ಇಲಿ ಆ ಕ್ಷಣವೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ 'ಕೆ' ಜೀವಸತ್ತ್ವದ ಕೆಲಸವನ್ನು ಈ ಔಷಧಿ ತಡೆಯುತ್ತದೆ. ಮೂರು ನಾಲ್ಕು ದಿನಗಳ ಮೇಲೆ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಆ ದಿನಗಳಲ್ಲಿ ಇಲಿ ಮಂಕಾಗಿ, ಹಗಲು ಹೊತ್ತಿನಲ್ಲಿಯೂ ನೆಲದ ಮೇಲೆ ತೂರಾಡುತ್ತದೆ. ಬೆಕ್ಕಿಗೆ, ಗೂಬೆಗೆ ಅದಕ್ಕಿಂತ ಸುಲಭವಾದ ತುತ್ತು ಯಾವುದು? ತಿಂದವರ ಯಕೃತ್ತಿನಲ್ಲಿ ವಿಷ ತಿಂಗಳುಗಟ್ಟಲೆ ಕೂರುತ್ತದೆ. ಇನ್ನೊಂದು ಇಲಿ, ಇನ್ನಷ್ಟು ವಿಷ.

ಬಾಬ್‌ಕ್ಯಾಟಿನ ಮಾತು ಇಲ್ಲಿ ಮತ್ತೆ ಬರುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಆ ಬೆಕ್ಕುಗಳಿಗೇನೂ ಕೊರತೆಯಿಲ್ಲ. 2010ರಲ್ಲಿ ಪ್ರಕಟವಾದ ಅಂದಾಜಿನಂತೆ ಇಪ್ಪತ್ತಮೂರು ಲಕ್ಷದಿಂದ ಮೂವತ್ತೈದು ಲಕ್ಷದವರೆಗೆ ಇವೆ. ಆದರೂ ಲಾಸ್ ಏಂಜಲೀಸ್ ನಗರದ ಪಕ್ಕದ ಸಾಂಟಾ ಮೋನಿಕಾ ಬೆಟ್ಟಗಳ ಕಡೆ 2002ರಿಂದ ಕೆಲವು ವರ್ಷ ಅವು ವಿಪರೀತ ಕಜ್ಜಿ ಹತ್ತಿ ಗುಂಪು ಗುಂಪಾಗಿ ಸತ್ತವು. ಹೆಣಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಯಕೃತ್ತಿನಲ್ಲಿ ಕಂಡದ್ದು ಮನೆಗಳ ಸುತ್ತ ಇಡುತ್ತಿದ್ದ ಇದೇ ಜಾತಿಯ ಇಲಿಪಾಷಾಣ. ವಿಷ ನೇರವಾಗಿ ಕೊಲ್ಲದಿದ್ದರೂ ಮೈಯ ಕಸುವನ್ನು ಕುಗ್ಗಿಸಿ, ಸಣ್ಣ ರೋಗವೂ ಕೊಲ್ಲುವಂತೆ ಮಾಡುತ್ತದೆಂದು ಅವರ ತರ್ಕ. ಕ್ಯಾಲಿಫೋರ್ನಿಯ ಸಂಸ್ಥಾನ 2019ರಲ್ಲಿ ಬಾಬ್‌ಕ್ಯಾಟಿನ ಬೇಟೆಯನ್ನು ತಡೆಯುವ ಶಾಸನ ಮಾಡಿ, 2020ರಲ್ಲಿ ಈ ವಿಷಗಳ ಬಳಕೆಗೂ ಬಿಗಿಯಾದ ಕಟ್ಟು ಹಾಕಿತು. ಲಕ್ಷಗಟ್ಟಲೆ ಬೆಕ್ಕುಗಳಿರುವ ನಾಡಿನವರು ಅಷ್ಟು ಎಚ್ಚರ ವಹಿಸಿದರೆ, ನಮ್ಮ ತೋಟದಲ್ಲಿ ಎಷ್ಟಿವೆಯೆಂದು ಎಣಿಸದೆಯೇ ನಾವು ಬಿಲ್ಲೆ ಕಟ್ಟುತ್ತಿದ್ದೇವೆ.

ಎಣಿಸುವುದೆಂದಾಗ ನೆನಪಾಯಿತು. ಹುಲಿಗೆ ನಾಲ್ಕು ವರ್ಷಕ್ಕೊಮ್ಮೆ ಗಣತಿಯುಂಟು. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿಗಳೆಂದು ಪತ್ರಿಕೆಗಳು ಬರೆದವು, ನಾವೂ ಹೆಮ್ಮೆಪಟ್ಟೆವು. ಕಾಡುಬೆಕ್ಕಿಗೆ ಅಂಥ ಗಣತಿಯಿಲ್ಲ. ಅದರ ತಲೆಯೆಣಿಕೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಒಂದೇ ಸಲ, ಅದೂ ಸತ್ತ ಮೇಲೆ: 1979ರಲ್ಲಿ ನಮ್ಮ ಸರಕಾರ ಚರ್ಮದ ರಫ್ತನ್ನು ನಿಲ್ಲಿಸಿದಾಗ ವ್ಯಾಪಾರಿಗಳು ತಮ್ಮ ಉಗ್ರಾಣದಲ್ಲಿವೆಯೆಂದು ಒಪ್ಪಿಸಿದ ಕಾಡುಬೆಕ್ಕಿನ ಚರ್ಮಗಳು ಮೂರು ಲಕ್ಷಕ್ಕೆ ಮೀರಿದ್ದವು. ಈಗ ಆ ವ್ಯಾಪಾರ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಬೇಟೆಯಾಡುವುದು ಅಪರಾಧ. ಕಾಯಿದೆ ದೊಣ್ಣೆಯನ್ನೇನೋ ತಡೆದೀತು, ಬಿಲ್ಲೆಯನ್ನು ಹೇಗೆ ತಡೆಯುತ್ತದೆ?

ಕಾಡುಬೆಕ್ಕಿಗಿಂತಲೂ ಚಿಕ್ಕ ಬೆಕ್ಕೊಂದು ನಮ್ಮ ದೇಶದಲ್ಲಿದೆ. ತುಕ್ಕಿನ ಬಣ್ಣದ ಚುಕ್ಕೆಗಳುಳ್ಳದ್ದು. ಒಂದರಿಂದ ಒಂದೂವರೆ ಕಿಲೋ ತೂಕ. ಪ್ರಪಂಚದ ಅತಿ ಸಣ್ಣ ಕಾಡುಬೆಕ್ಕುಗಳಲ್ಲಿ ಇದೊಂದು. 1831ರಲ್ಲಿ ಪಾಂಡಿಚೇರಿಯಿಂದ ದೊರೆತ ಮಾದರಿಯಿಂದ ಒಬ್ಬ ಫ್ರೆಂಚ್ ವಿದ್ವಾಂಸರು ಇದನ್ನು ಹೊರಲೋಕಕ್ಕೆ ಪರಿಚಯ ಮಾಡಿಸಿದರು. ಭಾರತ, ಸಿಂಹಳ, ನೇಪಾಳಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ. ದಕ್ಷಿಣ ಭಾರತದಲ್ಲಿ ಗದ್ದೆ, ತೆಂಗಿನ ತೋಟಗಳ ನಡುವಣ ಮನೆಗಳ ಅಟ್ಟದಲ್ಲಿ ಇದು ಮರಿ ಹಾಕಿರುವುದುಂಟು ಎಂದು ಓದಿದಂದಿನಿಂದ ನಮ್ಮ ಕಾಯಿ ಅಟ್ಟವನ್ನು ಹತ್ತುವಾಗ ನಾನು ಒಂದು ಕ್ಷಣ ನಿಂತು ಕಿವಿಗೊಡುತ್ತೇನೆ. ಇದುವರೆಗೆ ಕೇಳಿಸಿದ್ದು ಇಲಿಯ ಸದ್ದೇ.

ಮರಿಗಳ ಪ್ರಸಂಗ ನಡೆದ ಮರುವರ್ಷ, ಚಿಕ್ಕಪ್ಪ ಎರಡನೆಯ ಸಲದ ಬಿಲ್ಲೆ ಕಟ್ಟಿಸಿದ ಮೇಲೆ, ಕಾಲುವೆಯ ಮಗ್ಗುಲಲ್ಲಿ ಒಂದು ದೊಡ್ಡ ಕಾಡುಬೆಕ್ಕು ಸತ್ತು ಬಿದ್ದಿತ್ತು. ಮೂಗಿನಲ್ಲಿ ರಕ್ತ ಒಣಗಿತ್ತು. ಪರೀಕ್ಷೆ ಮಾಡಿಸುವಷ್ಟು ತಿಳಿವಳಿಕೆ ಆಗ ನಮಗಿರಲಿಲ್ಲ, ಹೂತುಬಿಟ್ಟೆವು. ಆದ್ದರಿಂದ ವಿಷದಿಂದಲೇ ಸತ್ತಿತೆಂದು ಪ್ರಮಾಣಮಾಡಿ ಹೇಳಲಾರೆ. ಅದು ಆ ಮರಿಗಳ ತಾಯಿಯೇ ಎಂದೂ ಹೇಳಲಾರೆ. ಅಜ್ಜಿ ಮಾತ್ರ ಎರಡನ್ನೂ ಹೇಳಿದಳು.

ಈಗ ಎದುರುವಾದವನ್ನು ಕೇಳೋಣ. ಚಿಕ್ಕಪ್ಪನವರದು ನೇರವಾದ ವಾದ. ಒಂದು, ಕಾಡುಬೆಕ್ಕು ಕೋಳಿ ಕದಿಯುತ್ತದೆ. ಎರಡು, ಸುಳಿಯಲ್ಲಿರುವ ಇಲಿಯನ್ನು ಅದು ಹಿಡಿಯುವುದಿಲ್ಲ. ಮೂರು, ನಿನ್ನ ಬೆಕ್ಕಿಗಾಗಿ ನನ್ನ ಫಸಲನ್ನು ನಾನೇಕೆ ಬಿಡಲಿ? ಮೊದಲನೆಯದು ನಿಜ. ಹೋದ ವರ್ಷ ನಮ್ಮದೇ ಮೊಟ್ಟೆಯಿಡುವ ಹೇಂಟೆಯನ್ನು ಹೊತ್ತುಕೊಂಡು ಹೋಯಿತು. ಸಂಜೆ ಗೂಡಿನ ಬಾಗಿಲು ಹಾಕಿದ್ದರೆ ಹೋಗುತ್ತಿರಲಿಲ್ಲ, ಹಾಕಬೇಕಾದವನು ನಾನು. ಎರಡನೆಯದೂ ಬಹುಮಟ್ಟಿಗೆ ನಿಜ, ಇದು ನನ್ನ ಪಕ್ಷದ ದೊಡ್ಡ ದೌರ್ಬಲ್ಯ. ಕಾಡುಬೆಕ್ಕು ನೆಲದ ಬೇಟೆಗಾರ. ರಾಗಿ ಹೊಲದ ಇಲಿ, ಬದುವಿನ ಇಲಿ, ಕಾಯಿ ಕುಪ್ಪೆಯ ಸುತ್ತಿನ ಇಲಿ ಇವು ಅದರ ಪಾಲು; ಅರವತ್ತು ಅಡಿಯ ಮರದ ನೆತ್ತಿಯಲ್ಲಿ ಕೂತ ಇಲಿಯನ್ನು ಹಿಡಿಯಲು ಅದು ಹತ್ತುವುದಿಲ್ಲ. ಕಾಡುಬೆಕ್ಕಿದ್ದರೆ ತೆಂಗಿಗೆ ಇಲಿಯೇ ಬಾರದೆಂದು ಹೇಳುವವರು ಬೆಕ್ಕಿಗೆ ಉಪಕಾರ ಮಾಡುವವರಲ್ಲ. ಒಂದು ಫಸಲಿನಲ್ಲಿ ಆ ಮಾತು ಸುಳ್ಳಾದರೆ ರೈತ ಮುಂದೆ ಯಾವ ಮಾತನ್ನೂ ನಂಬುವುದಿಲ್ಲ.

ಹಾಗಾದರೆ ಸುಳಿಯ ಇಲಿಗೆ ಏನು ಮಾಡಬೇಕು? ಅದಕ್ಕೂ ತಜ್ಞರು ಹೇಳಿದ ಹಳೆಯ ಉಪಾಯವೇ ಇದೆ. ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಮರದ ಸುತ್ತ 40 ಸೆಂಟಿಮೀಟರ್ ಅಗಲದ ತಗಡಿನ ಪಟ್ಟಿಯನ್ನು ಬಿಗಿಯಬೇಕು. ನುಣುಪಾದ ತಗಡಿನ ಮೇಲೆ ಇಲಿಯ ಉಗುರು ನಿಲ್ಲುವುದಿಲ್ಲ. ಒಂದು ಸಲ ಬಿಗಿದರೆ ಹಲವು ವರ್ಷ ಬಾಳುತ್ತದೆ. ಬಿಲ್ಲೆಯಾದರೋ ಮತ್ತೆ ಮತ್ತೆ ಕೊಳ್ಳಬೇಕು, ಕಟ್ಟಲು ಮರ ಹತ್ತುವವನಿಗೆ ಪ್ರತಿ ಸಲವೂ ಕೂಲಿ ಕೊಡಬೇಕು. ಒಂದು ತೊಡಕುಂಟು. ಗರಿಗೆ ಗರಿ ತಾಗುವಷ್ಟು ಒತ್ತಾಗಿ ನೆಟ್ಟ ತೋಟದಲ್ಲಿ ಇಲಿ ನೆಲಕ್ಕಿಳಿಯದೆಯೇ ಮರದಿಂದ ಮರಕ್ಕೆ ದಾಟುತ್ತದೆ. ಅಂಥಲ್ಲಿ ಒಂದೆರಡು ಮರಕ್ಕೆ ತಗಡು ಕಟ್ಟಿ ಫಲವಿಲ್ಲ. ಸುಳಿಯನ್ನು ಶುಚಿಮಾಡಿ ಗೂಡು ತೆಗೆಸಬೇಕು, ತಾಗುವ ಮರಗಳಿಗೆಲ್ಲ ಒಟ್ಟಿಗೆ ಪಟ್ಟಿ ಹಾಕಬೇಕು. ನೆಂಟರಿಷ್ಟರ ತೋಟಗಳು ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಕಡೆ ಅದಕ್ಕೆ ನಾಲ್ಕು ಮನೆಯವರು ಕೂತು ಮಾತಾಡಬೇಕು. ನಾಲ್ಕು ಮನೆಯವರು ಕೂತು ಮಾತಾಡುವುದು ಬೆಕ್ಕಿಗೆ ಗಂಟೆ ಕಟ್ಟುವುದಕ್ಕಿಂತ ಕಷ್ಟವೆಂದು ಬಲ್ಲೆ.

ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ನಮ್ಮ ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರಗಳಿಗಾಗಿ ವನ್ಯಜೀವಿಧಾಮ ಮಾಡಿದರು, ಬಹಳ ಒಳ್ಳೆಯದಾಯಿತು. ಕಾಡುಬೆಕ್ಕಿಗೆ ಹಾಗೆ ಧಾಮ ಮಾಡಲು ಸಾಧ್ಯವಿಲ್ಲ. ಅದರ ಧಾಮವೆಂದರೆ ಕೆರೆಯಂಗಳದ ಜೊಂಡು, ಗೋಮಾಳದ ಹುಲ್ಲು, ಕತ್ತಾಳೆಯ ಬೇಲಿ, ನಮ್ಮ ಸೋಗೆಯ ರಾಶಿ. ಇವನ್ನೆಲ್ಲ ನಾವು ಕಾಗದಪತ್ರಗಳಲ್ಲಿ ಬಂಜರು ಎಂದು ಬರೆದುಕೊಂಡಿದ್ದೇವೆ. ಹೇಮಾವತಿಯ ನೀರು ಬಂದ ವರ್ಷ ಕೆರೆ ತುಂಬಿದರೆ ಜೊಂಡು ತಾನಾಗಿ ಬೆಳೆಯುತ್ತದೆ; ಯಂತ್ರ ತಂದು ಒಂದೇ ದಿನದಲ್ಲಿ ಅಂಚಿನವರೆಗೆ ಕೆರೆದು 'ಅಭಿವೃದ್ಧಿ' ಮಾಡುತ್ತೇವೆ. ಹೂಳು ತೆಗೆಯುವುದು ಬೇಡವೆನ್ನುವುದಿಲ್ಲ. ಒಂದು ಮೂಲೆಯ ಜೊಂಡನ್ನು ಬಿಟ್ಟರೆ ಕೆರೆಗೇನು ನಷ್ಟ? ಕಳ್ಳಿ ಕತ್ತಾಳೆಯ ಬೇಲಿಯನ್ನು ಕಿತ್ತು ಕಲ್ಲು ಕಂಬ, ತಂತಿ ಹಾಕುವಾಗ ಹಳ್ಳದ ಕಡೆಯ ಒಂದು ಪಕ್ಕವನ್ನು ಹಾಗೆಯೇ ಉಳಿಸಿದರೆ ಯಾವ ಕಳ್ಳ ಬಂದಾನು? ಸೋಗೆಗೆ ಬೆಂಕಿಯಿಡುವ ಮುನ್ನ ಕೋಲಿನಿಂದ ಎರಡು ಸಲ ತಟ್ಟಿ ಸ್ವಲ್ಪ ಹೊತ್ತು ಕಾಯಲು ಎಷ್ಟು ಖರ್ಚಾಗುತ್ತದೆ?

ನಮ್ಮ ಕಾಲೇಜಿಗೆ ಬರುವವರಲ್ಲಿ ತೋಟದ ಮನೆಗಳಿಂದ ಬರುವವರೇ ಹೆಚ್ಚು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಹಳ್ಳಿಗೆ ಹೋಗಿ ರಸ್ತೆ ಗುಡಿಸಿ ಬರುತ್ತೇವೆ. ಒಂದು ವರ್ಷವಾದರೂ ಒಂದು ಊರಿನ ಒಂದು ಸಾಲು ತೋಟಕ್ಕೆ ತಗಡಿನ ಪಟ್ಟಿ ಕಟ್ಟಿಕೊಟ್ಟು ಬರಬಾರದೇ? ಗುರುಗಳು ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಪಟ್ಟಿ ಕಟ್ಟಿದ ಮರ, ಕಟ್ಟದ ಮರ ಎರಡರ ಕೆಳಗೂ ಉದುರಿದ ಕಾಯಿಗಳನ್ನು ಮೂರು ತಿಂಗಳು ಎಣಿಸಿ ಬರೆದಿಟ್ಟರೆ ಅರ್ಥಶಾಸ್ತ್ರದವರಿಗೆ ಒಂದು ಒಳ್ಳೆಯ ಪ್ರಬಂಧವೂ ಆದೀತು.

ನಮ್ಮ ತೋಟದಲ್ಲಿ ಈ ವರ್ಷ ಹಳ್ಳದ ಕಡೆಯ ಇಪ್ಪತ್ತೆರಡು ಮರಗಳಿಗೆ ಪಟ್ಟಿ ಬಿದ್ದಿದೆ. ಉಳಿದವಕ್ಕೆ ಬಿಲ್ಲೆಯೇ. ಅಲ್ಲಿಗೆ ನಮ್ಮಿಬ್ಬರ ರಾಜಿ. ಕಳೆದ ಸಂಕ್ರಾಂತಿಯ ರಜದಲ್ಲಿ ಕೆರೆಯ ಕೋಡಿಯ ಹತ್ತಿರ, ಹಸಿ ಕೆಸರಿನಲ್ಲಿ, ಸಾಕುಬೆಕ್ಕಿನದಕ್ಕಿಂತ ದೊಡ್ಡದಾದ ಹೆಜ್ಜೆಗಳ ಸಾಲು ಜೊಂಡಿನೊಳಕ್ಕೆ ಹೋಗಿತ್ತು. ಚಿಕ್ಕಪ್ಪನನ್ನು ಕರೆದು ತೋರಿಸಿದೆ. ಅವರು ಬಗ್ಗಿ, ಬೆರಳಿನಿಂದ ಒಂದರ ಅಗಲವನ್ನು ಅಳೆದು ನೋಡಿ, 'ಸಂಜೆಗೆ ಕೋಳಿ ಗೂಡಿನ ಬಾಗ್ಲು ಮರೀಬ್ಯಾಡ' ಎಂದಷ್ಟೇ ಹೇಳಿ ನೀರು ತಿರುಗಿಸಲು ಹೋದರು.